ಉಪ್ಪಿನಕಾಯಿ ಭರಣಿಯ ತೀರ್ಪು

ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ನಮ್ಮ ಭಾವ ಎಲೆ ಎಣಿಸುತ್ತಾರೆ. ನಾಲ್ಕನೆಯ ಎಲೆ ಖಾಲಿ ಇದ್ದರೆ ಅವರ ಮುಖ ಅರಳುತ್ತದೆ. ಅವರು ಹಳೇ ಈಜುಗಾರರು. ಎಂಟು ಲೇನಿನ ಕೊಳದಲ್ಲಿ, ಹೀಟ್ಸ್‌ನಲ್ಲಿ ಎಲ್ಲರಿಗಿಂತ ಬೇಗ ಈಜಿದವನಿಗೆ ಫೈನಲ್‌ನಲ್ಲಿ ನಾಲ್ಕನೇ ಲೇನು. ಹಿಂದುಳಿದವರಿಗೆ ಅಂಚಿನ ಒಂದು ಮತ್ತು ಎಂಟು. ಇದು ತಿಳಿಯದ ನಾನು ಒಮ್ಮೆ ಅವರನ್ನು ಉಪಚಾರ ಮಾಡಿ ಮೊದಲ ಎಲೆಗೇ ಕೂರಿಸಿದೆ. ಪಾಯಸ ಬರುವವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ.

ಬಸವನಗುಡಿ, ಜಯನಗರದ ಕಡೆ ಇಂಥವರು ಬೀದಿಗೊಬ್ಬರು ಸಿಗುತ್ತಾರೆ. ಹದಿಮೂರಕ್ಕೆ ರಾಜ್ಯಮಟ್ಟದ ಪದಕ, ಹದಿನೈದಕ್ಕೆ ಭುಜನೋವು, ಹದಿನೇಳಕ್ಕೆ ಸೆಕೆಂಡ್ ಪಿಯುಸಿ. ಭುಜನೋವಿಗಾದರೆ ಮದ್ದುಂಟು.

ದೊಡ್ಡ ಸ್ಪರ್ಧೆಗೆ ಮುಂಚೆ ನೀರಿನ ಎಳೆತ ಕಡಿಮೆಯಾಗಲೆಂದು ಮೈಕೂದಲು ತೆಗೆಯುವುದು ಈಜುಗಾರರ ವಾಡಿಕೆ. ಭಾವ ತಲೆಯನ್ನೂ ನುಣ್ಣಗೆ ಬೋಳಿಸಿಕೊಂಡು ಮನೆಗೆ ಬಂದಾಗ, ಅಜ್ಜಿ ಬಾಗಿಲಲ್ಲೇ ಕುಸಿದು ಕೂತು "ಅಯ್ಯೋ, ಯಾರು ಹೋದ್ರೋ?" ಎಂದು ಗೋಳಾಡಿದರಂತೆ. "ಯಾರೂ ಹೋಗಿಲ್ಲ ಅಜ್ಜಿ, ನಾಳೆ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕು" ಎಂದು ಇವರು ಸಮಾಧಾನ ಮಾಡಿದರು.

ಆ ನೂರು ಮೀಟರಿನ ಕಥೆಯನ್ನು ನಾನು ಮೊದಲು ಕೇಳಿದ್ದು ನನ್ನ ನಿಶ್ಚಿತಾರ್ಥದ ದಿನ. ಆಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೇ ಮುಟ್ಟಬೇಕು. ಭಾವ ಎಲ್ಲರಿಗಿಂತ ಮುಂಚೆ ಮುಟ್ಟಿದರು. ಆದರೆ ಬಲಗೈ ಮೊದಲು, ಎಡಗೈ ಆಮೇಲೆ ಎಂದು ತೀರ್ಪುಗಾರರೊಬ್ಬರು ಕೈ ಎತ್ತಿಬಿಟ್ಟರು. ಡಿಸ್‌ಕ್ವಾಲಿಫೈ. ಈಜುಗಾರರ ಬಾಯಲ್ಲಿ "ಡಿಕ್ಯೂ". ಇಷ್ಟು ನಡೆಯಲು ಹಿಡಿದದ್ದು ಒಂದು ನಿಮಿಷ ಚಿಲ್ಲರೆ. ಹೇಳಲು ಮುಕ್ಕಾಲು ಗಂಟೆ ಬೇಕು. ಆಗ ನಮ್ಮ ಊಟದ ಮೇಜೇ ಕೊಳ, ಸ್ಟೀಲ್ ಲೋಟಗಳೇ ಎದುರಾಳಿಗಳು, ಉಪ್ಪಿನಕಾಯಿ ಭರಣಿ ತೀರ್ಪುಗಾರ. ಮೇಜಿನ ಅಂಚನ್ನು ಎರಡೂ ಕೈಯಿಂದ ದಬಕ್ಕನೆ ಬಡಿದು, "ಹೇಳ್ರೀ, ಇದು ಒಟ್ಟಿಗೋ ಅಲ್ವೋ?" ಎಂದು ಕೇಳುತ್ತಾರೆ. "ಒಟ್ಟಿಗೇ ಭಾವ" ಎನ್ನುತ್ತೇನೆ. ಒಂದು ಸಲ ಬುದ್ಧಿ ಕೆಟ್ಟು, "ಬಲಗೈ ಒಂಚೂರು ಮುಂಚೆ ಬಿತ್ತೇನೋ" ಅಂದೆ. ಆ ವರ್ಷ ಯುಗಾದಿಗೆ ಅವರು ನಮ್ಮ ಮನೆಗೆ ಬರಲಿಲ್ಲ.

ಅವರಿಗೆ ಸೆಕೆಂಡೆಂದರೆ ಬಹಳ ದೊಡ್ಡ ಅವಧಿ. 2021ರಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆಗೆ ಬೇಕಿದ್ದದ್ದು 53.85. "ಎಂಟು ಉಳಿಸಿದಾನೆ ಕಣ್ರೀ, ಎಂಟು!" ಎಂದು ಭಾವ ಫೋನ್ ಮಾಡಿದರು. ಯಾರೋ ಎಂಟು ಲಕ್ಷ ಉಳಿಸಿದರೆಂದು ನಾನೂ ಸಂತೋಷಪಟ್ಟೆ.

2024ರಲ್ಲಿ ಹದಿನಾಲ್ಕು ವರ್ಷದ ಧಿನಿಧಿ ದೇಸಿಂಗು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ ದಿನ ಮಾತ್ರ ಭಾವ ತೋಳಿನ ಎಳೆತ, ಕಾಲಿನ ಬಡಿತ ಎಂದು ಏನೂ ವಿಮರ್ಶೆ ಮಾಡಲಿಲ್ಲ. "ಆ ಮಗುವಿನ ಅಪ್ಪ ಅಮ್ಮ ಬೆಳಗ್ಗೆ ಎಷ್ಟು ಗಂಟೆಗೆ ಏಳ್ತಿದ್ರೋ" ಅಂದರು, ಅಷ್ಟೇ. ಭಾವನನ್ನು ವರ್ಷಗಟ್ಟಲೆ, ಹಾಲಿನವನಿಗಿಂತ ಮುಂಚೆ ಎದ್ದು, ಸ್ಕೂಟರಿನಲ್ಲಿ ಕೊಳಕ್ಕೆ ಬಿಟ್ಟವರು ನಮ್ಮ ಮಾವನವರು. ಸೆಕೆಂಡ್ ಪಿಯುಸಿ ಶುರುವಾದ ದಿನ ಈಜುಬಟ್ಟೆ, ಗಾಗಲ್ಸು ಎರಡನ್ನೂ ಗಂಟುಕಟ್ಟಿ ಅಟ್ಟಕ್ಕೆ ಹಾಕಿದವರೂ ಅವರೇ. ಆ ಕಥೆಯನ್ನು ಭಾವ ಮೇಜಿನ ಮೇಲೆ ಲೋಟ ಜೋಡಿಸಿ ಹೇಳಿದ್ದಿಲ್ಲ. ನನಗೆ ಗೊತ್ತಾದದ್ದು ಹೆಂಡತಿಯಿಂದ.

ಹೋದ ವರ್ಷ ಡಾಕ್ಟರು ಬೆನ್ನುನೋವಿಗೆ ಈಜು ಕಲಿಯಿರಿ ಎಂದರು. ಕಲಿಸಲು ಯಾರಿದ್ದಾರೆ ಎಂದು ಯೋಚಿಸುವಷ್ಟರಲ್ಲಿ ಭಾವ ಸ್ಟಾಪ್‌ವಾಚ್ ಸಮೇತ ಗೇಟಿನ ಮುಂದೆ ನಿಂತಿದ್ದರು, ಬೆಳಗಿನ ಐದಕ್ಕೆ. ನಾಲ್ಕು ತಿಂಗಳು ಕೊಳದ ನೀರು ಕುಡಿದು, ಕೊನೆಗೊಂದು ದಿನ 25 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು ನಿಲ್ಲದೆ ಈಜಿ ಗೋಡೆ ಮುಟ್ಟಿದೆ. ಅಷ್ಟು ಹೊತ್ತಿನಲ್ಲಿ ಅವರು ಒಂದು ಕಾಲಕ್ಕೆ ನೂರು ಮೀಟರ್ ಮುಗಿಸುತ್ತಿದ್ದರು. ಆದರೂ ಡೈರಿ ತೆಗೆದು, 1 ನಿಮಿಷ 14.38 ಸೆಕೆಂಡು ಎಂದು ಶ್ರದ್ಧೆಯಿಂದ ಬರೆದರು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಡಿಕ್ಯೂ" ಎಂದೂ ಬರೆದರು.

ನಾನು ಮುಟ್ಟಿದ್ದು ಎರಡೂ ಕೈಯಿಂದಲೇ. ಒಟ್ಟಿಗೇ.