ಕೊಳ್ಳೇಗಾಲದ ನೌಕಾಬಲ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಸಮುದ್ರವೆಂಬುದು ಭೂಪಟದ ಅಂಚಿನಲ್ಲಿ ನೀಲಿ ಬಳಿದ ಒಂದು ಪ್ರದೇಶವೇ ಹೊರತು ಅದರಿಂದ ಬೇರೆ ಲಾಭವಾಗಲಿ ಉಪದ್ರವವಾಗಲಿ ಇಲ್ಲ. ಒಂದು ಕಡೆ ಮಲೆಯ ಮಹದೇಶ್ವರನ ಎಪ್ಪತ್ತೇಳು ಮಲೆಗಳು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟಸಾಲು. ನೀರೆಂದರೆ ಯಳಂದೂರಿನ ಮಗ್ಗುಲಲ್ಲಿ ಸುವರ್ಣಾವತಿ, ಕೊಳ್ಳೇಗಾಲದ ಗದ್ದೆಗಳಾಚೆ ಕಾವೇರಿ, ಅದೂ ಶಿವನಸಮುದ್ರದ ಬಳಿಗೆ ಬಂದೊಡನೆ ಗಗನಚುಕ್ಕಿ ಭರಚುಕ್ಕಿಗಳೆಂದು ಎರಡಾಗಿ ಸೀಳಿ, ಬಂಡೆಗಳ ಮೇಲೆ ಧುಮುಕಿ, ಹರಿಗೋಲಿಗಿಂತ ಘನವಾದ ಯಾವ ವಾಹನವನ್ನೂ ತನ್ನ ಬೆನ್ನಿನ ಮೇಲೆ ಸಹಿಸದ ಕಾವೇರಿ. ಇಂಥ ಸ್ಥಳದಲ್ಲಿ ಮೂವರು ಪ್ರಾಪ್ತವಯಸ್ಕರು ಭಾನುವಾರದ ಮಧ್ಯಾಹ್ನಗಳಂದು ಒಟ್ಟುಗೂಡಿ ಹತ್ತೊಂಬತ್ತನೆಯ ಶತಮಾನದ ನೌಕಾಯುದ್ಧಗಳನ್ನು ಆಡುತ್ತಾರೆಂದರೆ, ಅದಕ್ಕೆ ಏನಾದರೊಂದು ಸಮಾಧಾನ ಹೇಳಬೇಕಾದುದು ನ್ಯಾಯವೇ.

ಸಮಾಧಾನವೇನೆಂದರೆ, ಇದಕ್ಕೆ ರಾಜಪರಂಪರೆಯುಂಟು. 1796ರಲ್ಲಿ ಟಿಪ್ಪು ಸುಲ್ತಾನನು, ಸುತ್ತಲೂ ಕಾವೇರಿಯ ಸಿಹಿನೀರೇ ಹೊರತು ಉಪ್ಪುನೀರಿನ ಹನಿಯೂ ಇಲ್ಲದ ಶ್ರೀರಂಗಪಟ್ಟಣದಲ್ಲಿ ಕುಳಿತು, ಮೀರ್ ಯಮ್ ಎಂಬ ಬಿರುದಿನ ಸಮುದ್ರಾಧಿಕಾರಿಗಳ ಮಂಡಲಿಯೊಂದನ್ನು ನೇಮಿಸಿ, ನಲವತ್ತರ ಆಸುಪಾಸಿನ ಯುದ್ಧನೌಕೆಗಳನ್ನು ಕಟ್ಟತಕ್ಕದ್ದೆಂದು ಹುಕುಂನಾಮೆ ಹೊರಡಿಸಿದನು. 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದಾಗ ಆ ನೌಕಾಬಲದ ಬಹುಭಾಗವು ಇನ್ನೂ ಕಾಗದದ ಮೇಲೆಯೇ ತೇಲುತ್ತಿತ್ತು. ಅದೇ ಸುಲ್ತಾನನ ಹಣಕಾಸಿನ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರು ಮುಂದೆ ಮೈಸೂರಿನ ದಿವಾನರಾಗಿ 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದರು. ಈ ಕಾರಣದಿಂದ, ಕಾಗದದ ಹಡಗುಗಳನ್ನು ನಡೆಸುವ ಹಕ್ಕು ತನ್ನ ಊರಿಗೆ ವಂಶಪಾರಂಪರ್ಯವಾಗಿ ಬಂದದ್ದೆಂದು ಯಳಂದೂರಿನ ನನ್ನ ಭಾವಮೈದುನನು ಸಾಧಿಸುತ್ತಾನೆ. ಪೂರ್ಣಯ್ಯನವರಿಗೂ ಅವನಿಗೂ ಇರುವ ಸಂಬಂಧವೆಂದರೆ, ನೌಕರಿಯಲ್ಲಿದ್ದಷ್ಟು ಕಾಲವೂ ಅವರ ಬಂಗಲೆಯ ಮುಂದೆ ದಿನವೂ ಸೈಕಲ್ ತುಳಿದದ್ದು, ಅಷ್ಟೇ.

ನಾವು ಆಡತಕ್ಕದ್ದು ಹಾಯಿಹಡಗಿನ ಕಾಲದ ಯುದ್ಧಗಳನ್ನಲ್ಲ. ಕಬ್ಬಿಣದ ಕವಚ ತೊಟ್ಟ ಐರನ್‌ಕ್ಲಾಡ್ ಹಡಗುಗಳ ಕಾಲದವನ್ನು. 1859ರಲ್ಲಿ ಫ್ರೆಂಚರು ಗ್ಲ್ವಾರ್ ಎಂಬ ಕವಚದ ಹಡಗನ್ನು ನೀರಿಗಿಳಿಸಿದರೆಂದು ಕೇಳಿ ನಿದ್ದೆಗೆಟ್ಟ ಇಂಗ್ಲಿಷರು ಮರುವರ್ಷವೇ ವಾರಿಯರ್ ಎಂಬುದನ್ನು ಇಳಿಸಿದರು: ಹೊರಗೆ 4.5 ಅಂಗುಲದ ಕಬ್ಬಿಣ, ಅದರ ಹಿಂದೆ ಒತ್ತಾಸೆಯಾಗಿ 18 ಅಂಗುಲದ ತೇಗ. ಆ ತೇಗ ನಮ್ಮ ಬಿಳಿಗಿರಿಯ ಕಾಡಿನದೇ ಎಂಬುದು ಭಾವಮೈದುನನ ಇನ್ನೊಂದು ಸಿದ್ಧಾಂತ. ಪ್ರಮಾಣವೇನೆಂದು ಕೇಳಿದರೆ, “ತೇಗ ಅಂದ್ಮೇಲೆ ಇನ್ನೆಲ್ಲಿಂದ ಬಂದಾತು ಭಾವ?” ಎಂದು ಮರುಪ್ರಶ್ನೆ ಹಾಕಿ, ಅದೇ ಪ್ರಮಾಣವೆಂಬಂತೆ ಎಲೆಅಡಿಕೆಗೆ ಸುಣ್ಣ ಹಚ್ಚಲು ತೊಡಗುತ್ತಾನೆ.

ಈ ಯುಗವನ್ನೇ ನಾವು ವರಿಸಿದ್ದಕ್ಕೆ ಕಾರಣ ಅದರ ವೇಗ, ಎಂದರೆ ವೇಗದ ಅಭಾವ. 1862ನೆಯ ಮಾರ್ಚ್ 9ರಂದು ಅಮೆರಿಕದ ಅಂತರ್ಯುದ್ಧದಲ್ಲಿ, ಹ್ಯಾಂಪ್ಟನ್ ರೋಡ್ಸ್ ಎಂಬ ಅಳಿವೆಯ ನೀರಿನಲ್ಲಿ, ಉತ್ತರದವರ ಮಾನಿಟರ್ ಎಂಬ ಹಡಗಿಗೂ ದಕ್ಷಿಣದವರ ವರ್ಜೀನಿಯಾ ಎಂಬ ಹಡಗಿಗೂ ಕದನವಾಯಿತು. ಕವಚದ ಹಡಗೊಂದು ಕವಚದ ಹಡಗನ್ನು ಇದಿರಿಸಿದ್ದು ಲೋಕದಲ್ಲಿ ಅದೇ ಮೊದಲು. ಮಾನಿಟರಿನ ಮೇಲೆ ತಿರುಗುವ ಗೋಪುರವೊಂದಿತ್ತು, ಅದರೊಳಗೆ 11 ಅಂಗುಲದ ಎರಡು ಫಿರಂಗಿಗಳು. ಒಮ್ಮೆ ಹಾರಿಸಿ ಮತ್ತೆ ತುಂಬಿ ಹಾರಿಸುವುದಕ್ಕೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ವರ್ಜೀನಿಯಾಕ್ಕೆ ಮುಖ ತಿರುಗಿಸಿ ನಿಲ್ಲಬೇಕಾದರೆ ಅರ್ಧ ಗಂಟೆ ಬೇಕು. ಹೀಗೆ ಸುಮಾರು ನಾಲ್ಕು ಗಂಟೆಗಳ ಕಾಲ, ಕೆಲವೊಮ್ಮೆ ಮೈಗೆ ಮೈ ತಾಗುವಷ್ಟು ಸಮೀಪದಿಂದ, ಎರಡೂ ಒಂದನ್ನೊಂದು ಬಡಿದು ಬಡಿದು ಯಾವುದೂ ಮುಳುಗದೆ, ಎರಡು ಕಡೆಯವರೂ ಗೆಲವು ತಮ್ಮದೇ ಎಂದು ಸಾರಿ ಹಿಂದಿರುಗಿದರು. ಊಟವಾದ ಮೇಲೆ ಆಡುವ ಆಟಕ್ಕೆ ಇದಕ್ಕಿಂತ ಪ್ರಶಸ್ತವಾದ ಯುದ್ಧ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಆ ಕಾಲಕ್ಕೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಇದ್ದರು. ರಾಜ್ಯಭಾರವನ್ನು 1831ರಲ್ಲಿಯೇ ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡಿದ್ದುದರಿಂದ ಒದಗಿದ ಬಿಡುವನ್ನು ಚದುರಂಗದ ಕುದುರೆಯ ನಡೆಗಳಿಗೂ ಬಗೆಬಗೆಯ ಮಣೆಯಾಟಗಳಿಗೂ ವಿನಿಯೋಗಿಸಿ, ತಮ್ಮ ಶ್ರೀತತ್ತ್ವನಿಧಿಯ ಕೊನೆಯ ನಿಧಿಯನ್ನು ಆಟಗಳಿಗೆಂದೇ ಮೀಸಲಿಟ್ಟ ಪ್ರಭು. ಯಾರಾದರೂ ಮಾನಿಟರಿನ ಗೋಪುರವನ್ನು ಅವರ ಸನ್ನಿಧಿಯಲ್ಲಿ ವಿವರಿಸಿದ್ದರೆ, ಅದಕ್ಕೊಂದು ಮಣೆ ಬರೆಯಿಸದೆ ಅವರು ಬಿಡುತ್ತಿದ್ದರೆಂದು ನನಗೆ ತೋರುವುದಿಲ್ಲ.

ನಮ್ಮ ಮನೆಗೆ ಈ ವಿದ್ಯೆ ಬಂದದ್ದು ಹನೂರಿನಲ್ಲಿರುವ ಸೋದರಳಿಯನ ಮೂಲಕ, ಲ್ಯಾಪ್‌ಟಾಪಿನೊಳಗೆ. ಹಡಗನ್ನು ನಾವೇ ಯೋಜಿಸಿ, ಕವಚದ ದಪ್ಪವನ್ನು ನಾವೇ ನಿರ್ಧರಿಸಿ, ಖಜಾನೆ ಬರಿದಾದಾಗ ಮಂತ್ರಿಮಂಡಲದಿಂದ ಛೀಮಾರಿಯನ್ನೂ ನಾವೇ ಹಾಕಿಸಿಕೊಳ್ಳತಕ್ಕ ‘ರೂಲ್ ದಿ ವೇವ್ಸ್’ ಎಂಬ ಆಟವನ್ನು ಅವನು ಮೊದಲು ತೋರಿಸಿದನು. ಅದರ ಮೂರನೆಯ ಆವೃತ್ತಿ 1890ರಿಂದ ಪ್ರಾರಂಭವಾಗುತ್ತದೆ. ಆದರೆ ಬ್ಯಾಟರಿ ಸತ್ತಿದ್ದ ಆ ಯಂತ್ರಕ್ಕೆ ಗೋಡೆಯ ಕರೆಂಟೇ ಪ್ರಾಣ. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಹುಟ್ಟಿಸಿ ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ಸೀಮೆ ನಮ್ಮದು. ಆ ಔದಾರ್ಯದ ಅಭ್ಯಾಸ ಇನ್ನೂ ತಪ್ಪಿಲ್ಲವೋ ಎಂಬಂತೆ, ಶತ್ರುವಿನ ಹೊಗೆ ದಿಗಂತದಲ್ಲಿ ಕಾಣಿಸಿದೊಡನೆ ನಮ್ಮ ಬೀದಿಯ ಕರೆಂಟು ಹೋಗುವುದು. ಆದಕಾರಣ ನಾವು ಯಂತ್ರವನ್ನು ತ್ಯಜಿಸಿ ನಡುಮನೆಯ ಕೆಂಪು ಗಾರೆಯ ನೆಲಕ್ಕಿಳಿದೆವು.

ಇದಕ್ಕೂ ಆಧಾರವುಂಟು. ಯುದ್ಧನೌಕೆಗಳ ವಾರ್ಷಿಕ ಗ್ರಂಥದಿಂದ ಪ್ರಸಿದ್ಧನಾದ ಫ್ರೆಡ್ ಟಿ. ಜೇನ್ ಎಂಬ ಇಂಗ್ಲಿಷರವನು 1898ರಲ್ಲಿ ಒಂದು ನೌಕಾಯುದ್ಧದ ಆಟವನ್ನು ಪ್ರಕಟಿಸಿದನು. ಅದರಲ್ಲಿ ದಾಳದ ಹಂಗಿಲ್ಲ. ಶತ್ರುವಿನ ಹಡಗಿನ ಚಿತ್ರವನ್ನು ಮುಂದಿಟ್ಟುಕೊಂಡು, ಸಣ್ಣದೊಂದು ಸೂಜಿ ನೆಟ್ಟ ಹಿಡಿಯುಳ್ಳ ಹಲಗೆಯಿಂದ ಅದರ ಮೇಲೆ ಹೊಡೆಯತಕ್ಕದ್ದು. ಸೂಜಿಯು ಹಲಗೆಯ ನಟ್ಟನಡುವೆ ಇರದೆ ಸ್ವಲ್ಪ ಓರೆಗಿರುವುದರಿಂದ ಗುರಿ ಒಂದಾಗಿ ತೂತು ಇನ್ನೊಂದು ಕಡೆ ಆಗುವುದು. ತೂತು ಬಿದ್ದ ಸ್ಥಳದಲ್ಲಿ ಹೊಗೆಗೊಳವೆಯಿದ್ದರೆ ಹೊಗೆಗೊಳವೆ ಹೋಯಿತು, ಫಿರಂಗಿಯಿದ್ದರೆ ಫಿರಂಗಿ. ನಮ್ಮ ಬೀದಿಯ ಬಡಗಿ ಇಂಥ ಹಲಗೆಗಳನ್ನು ಮಾಡಿಕೊಟ್ಟು, ಇದು ಯಾವ ಪೂಜೆಗೆ ಎಂದು ವಿನಯದಿಂದ ಕೇಳಿದನು.

ಪಕ್ಷಗಳ ವಿಂಗಡಣೆಗೆ ಕಂದಾಯ ಇಲಾಖೆಯೇ ಸಹಾಯಮಾಡಿತು. 1956ನೆಯ ನವೆಂಬರ್ 1ರವರೆಗೂ ಕೊಳ್ಳೇಗಾಲವು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಯಳಂದೂರಾದರೋ ಮೈಸೂರು ಸೀಮೆ; ಆದ್ದರಿಂದ ಐರನ್‌ಕ್ಲಾಡುಗಳ ಕಾಲದಲ್ಲಿ ನಾನೂ ಭಾವಮೈದುನನೂ ಪರಸ್ಪರ ಪರರಾಜ್ಯದವರು, ವೈರಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹನೂರು ಈಚೆಗಷ್ಟೇ ಕೊಳ್ಳೇಗಾಲದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದರಿಂದ, ಒಕ್ಕೂಟವನ್ನು ಬಿಟ್ಟುಹೋದ ದಕ್ಷಿಣದವರ ಪಾತ್ರ ತನಗೇ ಸಲ್ಲಬೇಕೆಂದು ಅಳಿಯನು ಹಟಹಿಡಿದನು, ಕೊಟ್ಟೆವು.

ಹಡಗುಗಳನ್ನು ರಟ್ಟಿನಿಂದ ಕತ್ತರಿಸಿದ್ದಾಯಿತು. ಮೊದಲ ದಿನ ಸೆಕೆ ತಾಳಲಾರದೆ ಫ್ಯಾನ್ ಹಾಕಿದೊಡನೆ ಬ್ರಿಟಿಷ್ ನೌಕಾಪಡೆಯು ಸಮಸ್ತವೂ ಎದ್ದು ದೇವರ ಮನೆಯ ಹೊಸಲಿಗೆ ಹೋಗಿ ಬಿದ್ದಿತು. ಸೆಕೆಯನ್ನು ಸಹಿಸುವುದೋ ಸಾಮ್ರಾಜ್ಯವನ್ನು ಬಿಡುವುದೋ ಎಂಬ ಧರ್ಮಸಂಕಟದಲ್ಲಿ ಅಳಿಯನಿಗೆ ಒಂದು ಉಪಾಯ ಹೊಳೆಯಿತು: ಪ್ರತಿಯೊಂದು ಹಡಗಿನ ಮೇಲೂ ಒಂದು ರೂಪಾಯಿಯ ನಾಣ್ಯಗಳನ್ನು ಅಂಟಿಸದೆ ಸುಮ್ಮನೆ ಹೇರುವುದು, ಕವಚ ದಪ್ಪವಾದಷ್ಟೂ ನಾಣ್ಯ ಹೆಚ್ಚು. ಅಂದಿನಿಂದ ನಮ್ಮ ಹಡಗುಗಳು ನಿಜಕ್ಕೂ ಲೋಹಕವಚದವಾದವು. ಆದರೆ ಸಂಜೆಯ ಹೊತ್ತಿಗೆ ಹೂವಿನವಳು ಬಾಗಿಲಿಗೆ ಬಂದು ನಿಂತಾಗ ನನ್ನ ಮನೆಯವಳು ಸೆರಗು ಸಿಕ್ಕಿಸಿಕೊಂಡು ಯುದ್ಧರಂಗದ ನಡುವೆ ಬಾಗಿ, ‘ರೆ ದಿಟಾಲಿಯ’ ಎಂಬ ಇಟಲಿಯ ಮಹಾನೌಕೆಯ ಮೇಲಿನ ಚಿಲ್ಲರೆಯನ್ನು ಎಣಿಸಿ ತೆಗೆದುಕೊಂಡುಹೋಗಿ ಒಂದು ಮೊಳ ಮಲ್ಲಿಗೆ ಕೊಂಡಳು. ಕವಚ ಹೋದ ಹಡಗು ಮರದ ಹಡಗೇ ಆದ್ದರಿಂದ ಒಂದೇ ಏಟಿಗೆ ಮುಳುಗತಕ್ಕದ್ದೆಂದು ಅಳಿಯ. ನಾಣ್ಯವನ್ನು ತೆಗೆದದ್ದು ತಟಸ್ಥ ರಾಷ್ಟ್ರವಾದುದರಿಂದ ಅದನ್ನು ಭರ್ತಿಮಾಡಿಕೊಡುವ ಹೊಣೆ ಆ ರಾಷ್ಟ್ರದ್ದೇ ಎಂದು ಭಾವಮೈದುನ. ಜೇನನ ನಿಯಮಗಳಲ್ಲಿ ಹೂವಿನವಳ ವಿಷಯವಾಗಿ ಯಾವ ವಿಧಿಯೂ ಇಲ್ಲ.

ಭಾವಮೈದುನನ ಯುದ್ಧನೀತಿ ಲೆಕ್ಕಪತ್ರದವನದು: ಕಲ್ಲಿದ್ದಲು ಖರ್ಚಾಗುವುದೆಂದು ಅವನು ಬಂದರನ್ನೇ ಬಿಡುವುದಿಲ್ಲ. ಅಳಿಯನದು ಇದಕ್ಕೆ ನೇರ ವಿರುದ್ಧ. ಫಿರಂಗಿಯನ್ನು ಅವನು ಆಭರಣವೆಂದು ಭಾವಿಸಿದ್ದಾನೆ, ಯಾರನ್ನು ಕಂಡರೂ ಮೂತಿಯಿಂದ ಗುದ್ದುವುದೊಂದೇ ಅವನಿಗೆ ತಿಳಿದ ವಿದ್ಯೆ. ಅವನನ್ನು ಪೂರಾ ದೂರುವಂತೆಯೂ ಇಲ್ಲ, ಆ ಕಾಲದ ಪಂಡಿತರಿಗೆಲ್ಲ ಅದೇ ಹುಚ್ಚು ಹಿಡಿದಿತ್ತು. 1866ನೆಯ ಜುಲೈ 20ರಂದು ಲಿಸ್ಸಾ ದ್ವೀಪದ ಹತ್ತಿರ ಆಸ್ಟ್ರಿಯದ ಟೆಗೆಟ್‌ಹಾಫ್ ಏಳು ಕವಚನೌಕೆಗಳೊಡನೆ ಇಟಲಿಯ ಹನ್ನೆರಡರ ಮೇಲೆ ನುಗ್ಗಿ, ತನ್ನ ಫರ್ಡಿನಾಂಡ್ ಮ್ಯಾಕ್ಸ್ ಹಡಗಿನ ಮೂತಿಯಿಂದಲೇ ರೆ ದಿಟಾಲಿಯವನ್ನು ಇರಿದನು. ಅದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಇಟಲಿಯ ಸೇನಾಪತಿ ಪೆರ್ಸಾನೊ ಯುದ್ಧಕ್ಕೆ ಕೊಂಚ ಮುಂಚೆ ಆ ಹಡಗನ್ನು ಬಿಟ್ಟು ಬೇರೊಂದಕ್ಕೆ ಬಿಡಾರ ಬದಲಿಸಿದ್ದನು. ಅವನ ಕಪ್ತಾನರಲ್ಲಿ ಬಹುಮಂದಿಗೆ ಅದು ತಿಳಿಯದೆ, ಅಪ್ಪಣೆಗಾಗಿ ಅವರು ಹಳೆಯ ಹಡಗನ್ನೇ ನೋಡುತ್ತಿದ್ದರು. ಮುಳುಗಿದ ಹಡಗಿನ ಚುಕ್ಕಾಣಿ ಮೊದಲೇ ಏಟು ತಿಂದು ಕೆಟ್ಟಿತ್ತೆಂಬ ಸಣ್ಣ ಸಂಗತಿಯನ್ನು ಮಾತ್ರ ಪಂಡಿತರು ಮನಸ್ಸಿಗೆ ತಂದುಕೊಳ್ಳಲಿಲ್ಲ. ಆಮೇಲಿನ ಮೂರು ನಾಲ್ಕು ದಶಕಗಳ ಕಾಲ ಯೂರೋಪಿನ ಯುದ್ಧನೌಕೆಗಳಿಗೆಲ್ಲ ನೀರಿನಡಿಯಲ್ಲಿ ಕೊಂಬು ಮೂಡಿತು.

ಆ ಕೊಂಬು ಇರಿದದ್ದು ಬಹುಮಟ್ಟಿಗೆ ಸ್ವಪಕ್ಷದವರನ್ನು. 1875ರಲ್ಲಿ ಐರ್ಲೆಂಡಿನ ಕರಾವಳಿಯ ಮಂಜಿನಲ್ಲಿ ಇಂಗ್ಲಿಷರ ಐರನ್ ಡ್ಯೂಕ್ ಇಂಗ್ಲಿಷರ ವ್ಯಾನ್‌ಗಾರ್ಡನ್ನೇ ಮುಳುಗಿಸಿತು. ಜನರೆಲ್ಲ ಪಾರಾದರು, ನಾಯಕನ ನಾಯಿಯೊಂದು ಸತ್ತಿತೆನ್ನುತ್ತಾರೆ. 1878ರಲ್ಲಿ ಜರ್ಮನರದೂ ಇದೇ ಕಥೆ, ಆದರೆ ಅಲ್ಲಿ ನೂರಾರು ಜನ ಹೋದರು. 1893ನೆಯ ಜೂನ್ 22ರಂದು ಅಂದಿನ ಸಿರಿಯದ ಟ್ರಿಪೋಲಿಯ ಹತ್ತಿರ, ಹಗಲು ಬೆಳಕಿನಲ್ಲಿ, ತನ್ನ ಕಾಲದ ಮಹಾಮೇಧಾವಿಯೆನಿಸಿಕೊಂಡಿದ್ದ ಅಡ್ಮಿರಲ್ ಟ್ರೈಯನ್, ಸಮಾನಾಂತರವಾಗಿ ಸಾಗುತ್ತಿದ್ದ ಎರಡು ಸಾಲುಗಳನ್ನು ಒಳಮುಖವಾಗಿ ತಿರುಗಿಸಲು ಆಜ್ಞೆಮಾಡಿದನು. ನಮ್ಮ ಕಡೆ ರಥಬೀದಿಯ ಮೂಲೆಯಲ್ಲಿ ತೇರನ್ನು ತಿರುಗಿಸುವುದನ್ನು ಕಂಡ ಮಗುವಿಗೂ ಗೊತ್ತು, ಅಷ್ಟು ದೊಡ್ಡ ವಸ್ತುವು ತಿರುಗಬೇಕಾದರೆ ಎಷ್ಟು ಜಾಗ ಬೇಡುತ್ತದೆಂದು, ಗಾಲಿಗೆ ಅಡ್ಡಗಟ್ಟೆ ಕೊಡುವವನ ಕೂಗನ್ನು ಹಗ್ಗ ಹಿಡಿದವರೆಲ್ಲ ಹೇಗೆ ಕಿವಿಗೊಟ್ಟು ಕೇಳುತ್ತಾರೆಂದು. ಸಾಲುಗಳ ನಡುವಣ ಅಂತರ 1200 ಗಜ. ಅದು ಸಾಲದೆಂದು ಕೈಕೆಳಗಿನವರಿಗೆ ಸಂದೇಹವಿತ್ತು. ಹೇಳಿಯೂ ನೋಡಿದರು, ಆಜ್ಞೆ ಬದಲಾಗಲಿಲ್ಲ. ಕ್ಯಾಂಪರ್‌ಡೌನ್ ಎಂಬ ಹಡಗಿನ ಮೂತಿ ಅಡ್ಮಿರಲ್ಲನ ವಿಕ್ಟೋರಿಯಾ ನೌಕೆಯೊಳಕ್ಕೆ ಹೊಕ್ಕು, ಅವನೂ ಸೇರಿ 358 ಮಂದಿ ಮಡಿದರು.

ಈ ಚರಿತ್ರೆಯನ್ನೆಲ್ಲ ಓದಿದ ಮೇಲೆ ನಮ್ಮ ಮೂವರ ಯೋಗ್ಯತೆಯ ವಿಷಯದಲ್ಲಿ ನನಗಿದ್ದ ಸಂಕೋಚ ಬಹಳಮಟ್ಟಿಗೆ ತೊಲಗಿತು. ಸುಮಾರು ನಲವತ್ತು ವರ್ಷಗಳ ಆ ಅವಧಿಯಲ್ಲಿ ಹಡಗು ದಶಕಕ್ಕೊಮ್ಮೆ ಹೊಸ ರೂಪ ತಾಳುತ್ತಿತ್ತು, ಯುದ್ಧಗಳಾದರೋ ಬೆರಳಲ್ಲಿ ಎಣಿಸುವಷ್ಟು. ಬಂಗಾರದ ಪಟ್ಟಿಯ ಅಂಗಿ ತೊಟ್ಟ ಅಡ್ಮಿರಲ್ಲುಗಳಲ್ಲಿ ಬಹುತರ ಮಂದಿ ತಮ್ಮ ಹಡಗಿನಿಂದ ಒಂದು ಗುಂಡನ್ನೂ ಕವಚನೌಕೆಯ ಮೇಲೆ ಹಾರಿಸಿದವರಲ್ಲ. ಅವರೂ ಊಹೆಯಿಂದಲೇ ಆಡುತ್ತಿದ್ದರು, ನಾವೂ ಊಹೆಯಿಂದಲೇ ಆಡುತ್ತೇವೆ. ನಮ್ಮ ನೆಲ ಒದ್ದೆಯಿಲ್ಲ, ಯಾರ ನಾಯಿಯೂ ಸಾಯುವುದಿಲ್ಲ.

ಭಾವಮೈದುನನಿಗೆ ಪರಮಪ್ರಿಯವಾದ ಹಡಗು ಮಗ್ದಲಾ. ಮುಂಬಯಿ ಬಂದರಿನ ರಕ್ಷಣೆಗೆಂದು ಇಂಗ್ಲಿಷರು 1870ರಲ್ಲಿ ನೀರಿಗಿಳಿಸಿದ ಎರಡು ಗೋಪುರನೌಕೆಗಳಲ್ಲಿ ಅದೊಂದು, ಇನ್ನೊಂದು ಅಬಿಸಿನಿಯಾ. ನಮ್ಮ ದೇಶಕ್ಕೆಂದೇ ಬಂದ ಆ ಐರನ್‌ಕ್ಲಾಡುಗಳು ಮುಂಬಯಿಯ ನೀರಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಿಂತು, ಆಗೀಗ ಅಭ್ಯಾಸಕ್ಕೆ ಗುಂಡು ಹಾರಿಸಿ, ಶತ್ರುವೆಂಬ ಪ್ರಾಣಿಯ ಮುಖವನ್ನು ಕಾಣದೆಯೇ 1903ರಲ್ಲಿ ಹರಾಜಾದವು. ಇಷ್ಟು ನಿರ್ವಿಘ್ನವಾಗಿ ಸೇವೆ ಮುಗಿಸಿದ್ದು ತಾನೂ ಮಗ್ದಲಾ ಇಬ್ಬರೇ ಎಂದು ಅವನು ಹೆಮ್ಮೆಪಡುತ್ತಾನೆ. ಅದರೊಡನೆ ಯುದ್ಧಮಾಡುವುದು ಕಷ್ಟ. ಅದು ಗೋಡೆಯ ಮೂಲೆಯಲ್ಲಿ ಐದು ನಾಣ್ಯ ಹೊತ್ತು ಕೂತಿರುತ್ತದೆ, ಅಳಿಯನ ಹಡಗು ದೂರದಿಂದ ಗುದ್ದಲು ಬಂದು ಪಕ್ಕದ ಬೀರುವಿಗೆ ಡಿಕ್ಕಿ ಹೊಡೆಯುತ್ತದೆ.

ಇದರಿಂದ ಬೇಸತ್ತ ಅಳಿಯನು ಮೊನ್ನೆ, ಐರನ್‌ಕ್ಲಾಡುಗಳ ಕಾಲ ಸಾಕು, 1906ರ ಡ್ರೆಡ್‌ನಾಟ್‌ಗೆ ಹೋಗೋಣ ಎಂಬ ಸೂಚನೆಯನ್ನು ಮುಂದಿಟ್ಟನು: 12 ಅಂಗುಲದ ಹತ್ತು ಫಿರಂಗಿ, ಗಂಟೆಗೆ 21 ನಾಟಿಕಲ್ ಮೈಲಿಯ ಓಟ. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆನು. ಮಾನಿಟರ್ ವರ್ಜೀನಿಯಾಗಳು ಕೈಯಳತೆಯಲ್ಲಿ ನಿಂತು ಬಡಿದಾಡಿದವು, ಅವಕ್ಕೆ ನಡುಮನೆ ಧಾರಾಳವಾಯಿತು. ಇವಾದರೋ ಮೈಲಿಗಟ್ಟಲೆ ದೂರದಿಂದ ಹಾರಿಸತಕ್ಕವು, ನಮ್ಮ ಅಳತೆಯಲ್ಲಿ ಒಂದು ಹಡಗು ನಡುಮನೆಯಲ್ಲಿದ್ದರೆ ಇನ್ನೊಂದು ಬೀದಿಯಲ್ಲಿರಬೇಕು.

“ಅದಕ್ಕೇನ್ ಮಾವ, ಒಂದು ಪಡೆ ಹನೂರಲ್ಲಿರ್ಲಿ, ಒಂದು ಯಳಂದೂರಲ್ಲಿರ್ಲಿ. ಏಟು ಎಲ್ಲಿ ಬಿತ್ತು ಅಂತ ಫೋನಲ್ಲಿ ಹೇಳ್ಕೊಂಡ್ರಾಯ್ತು” ಎಂದನು ಅಳಿಯ.

ಭಾವಮೈದುನನು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು, “ಅಂಗಾರೆ ಮಧ್ಯಾನದ ಊಟ ಯಾರ್ ಮನೇಲಿ?” ಎಂದು ಕೇಳಿದನು.

ನಾವು ಉತ್ತರ ಹುಡುಕುತ್ತಿರುವಾಗಲೇ ಅಡಿಗೆಮನೆಯಿಂದ ನನ್ನ ಮನೆಯವಳ ಧ್ವನಿ ಬಂದಿತು: “ಆ ಹೊಸ ಹಡಗೇ ಆಡಿ. ಬರೋ ಭಾನುವಾರದಿಂದಲೇ ಸುರುಮಾಡಿ.”