‘ಒಟಿಪಿ ನೀವೇ ಹೇಳಿರ್ತೀರಿ’

ಬ್ಯಾಂಕುಗಳ ಆಡಳಿತ ಮಂಡಳಿಯವರಿಗೆ, ಸಖರಾಯಪಟ್ಟಣದಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯರೇ,

ಸಖರಾಯಪಟ್ಟಣದ ಗ್ರಾಹಕನೊಬ್ಬ ಇವತ್ತು ಬೆಳಗಿನ ಬಸ್ಸಿಗೆ ಕಡೂರಿಗೆ ಹೋಗಿ, ನಿಮ್ಮ ಪೈಕಿ ಯಾರದೋ ಒಂದು ಶಾಖೆಯ ಬೆಂಚು ಕಾಯಿಸಿ, ಊಟದ ಹೊತ್ತು ಮೀರಿದ ಮೇಲೆ ವಾಪಸು ಬಂದಿದ್ದಾನೆ. ಅವನ ಹೆಸರು ನಿಮಗೆ ಬೇಕಿಲ್ಲ. ನಿಮ್ಮ ಎಸ್ಸೆಮ್ಮೆಸ್ಸುಗಳಲ್ಲಿ ಅವನು ‘ಪ್ರಿಯ ಗ್ರಾಹಕ’. ಕೌಂಟರಿನ ಮುಂದೆ ನಿಂತಾಗ ಆ ಪ್ರೀತಿ ಎಲ್ಲಿ ಹೋಗುತ್ತದೋ! ಖಾತೆಯಿಂದ ಹತ್ತು ಸಾವಿರ ಹೋಗಿದೆ ಸಾರ್ ಎಂದು ಅವನು ಪಾಸ್‌ಬುಕ್ ಚಾಚಿದರೆ, ಒಳಗಿನವರು ತಲೆ ಎತ್ತದೆ ಅಂದದ್ದು ಇಷ್ಟು: ‘ಒಟಿಪಿ ನೀವೇ ಯಾರಿಗೋ ಹೇಳಿರ್ತೀರಿ.’

ಒಟಿಪಿ ಬಂದೇ ಇಲ್ಲ ಎಂದ. ‘ಬಂದಿರುತ್ತೆ, ನೋಡ್ಕೊಂಡಿರಲ್ಲ.’ ಎಟಿಎಂ ಕಾರ್ಡು ಮನೆಯ ಬೀರುವಿನಲ್ಲಿದೆ, ಪಾಸ್‌ಬುಕ್ಕಿನಲ್ಲಿ ಎಇಪಿಎಸ್ ಅಂತ ಅಚ್ಚಾಗಿದೆಯಲ್ಲ ಎಂದ. ಅಷ್ಟರಲ್ಲಿ ಸರ್ವರ್ ಡೌನ್.

ಎಇಪಿಎಸ್ ಎಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಅದರಲ್ಲಿ ಒಟಿಪಿಗೆ ಕೆಲಸವೇ ಇಲ್ಲ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆ ಹೀಗೆಯೇ ಬರಿದಾಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳಿಂದ ಹೆಬ್ಬೆಟ್ಟನ್ನು ಎತ್ತಿಕೊಂಡು ಕಳ್ಳರು ನಕಲಿ ಬೆರಳು ಮಾಡಿಕೊಂಡಿದ್ದರು. ಹೆಬ್ಬೆಟ್ಟು ಒತ್ತಿ ಎಂದವರು ಸರ್ಕಾರದವರು, ಆ ಹೆಬ್ಬೆಟ್ಟಿಗೆ ದುಡ್ಡು ಕೊಟ್ಟವರು ಬ್ಯಾಂಕಿನವರು. ನಡುವೆ ಈ ಪ್ರಿಯ ಗ್ರಾಹಕ ಒಟಿಪಿಯನ್ನು ಯಾರಿಗೆ, ಯಾವಾಗ ಹೇಳಿದ? ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದಂತೆ. ದುಡ್ಡು ಹೋದ ಮೇಲೆ ಅವನಿಗೆ ಅದನ್ನು ಹೇಳಿಕೊಟ್ಟವನು ಸೈಬರ್ ಸೆಂಟರಿನ ಹುಡುಗ. ಅಯ್ಯನಕೆರೆಯ ತೂಬು ತೆರೆದಿಟ್ಟು, ಕೆಳಗಿನ ಗದ್ದೆಯವನಿಗೆ ನೀನು ಎಚ್ಚರವಾಗಿರಬೇಕಿತ್ತು ಅಂದ ಹಾಗಾಯಿತು.

ಎಚ್ಚರ ಎನ್ನುವುದು ನಿಮಗೆ ಬಲು ಪ್ರಿಯವಾದ ಮಾತು. ಅಪರಿಚಿತ ಲಿಂಕ್ ಒತ್ತಬೇಡಿ ಎಂದು ಸಂದೇಶ ಕಳಿಸುತ್ತೀರಿ, ಹೆಚ್ಚಿನ ಮಾಹಿತಿಗೆ ಅದರ ಕೆಳಗೇ ಒಂದು ಲಿಂಕ್ ಇಡುತ್ತೀರಿ. ನಿಮ್ಮ ಬ್ಯಾಂಕಿನ ಹೆಸರು ಬದಲಾಗಿದೆ, ಕೆವೈಸಿ ಕೊಡಿ ಎಂದು ಕಳ್ಳ ಫೋನ್ ಮಾಡಿದರೆ ಹಳ್ಳಿಯವನು ನಂಬದೆ ಏನು ಮಾಡಬೇಕು? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಮಾಯವಾಯಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್. ಎಲ್ಲವೂ ವಿಲೀನವಾದದ್ದು ಏಪ್ರಿಲ್ 1ರಂದೇ. ಆ ದಿನವನ್ನು ಯಾರು ಆರಿಸಿದರೋ, ಅವರ ತಮಾಷೆಗೆ ನಮಸ್ಕಾರ. ಗ್ರಾಮೀಣ ಬ್ಯಾಂಕುಗಳು ಮಾತ್ರ ಕೊಂಚ ಗಂಭೀರ: ರಾಜ್ಯದ ಎರಡೂ ಸೇರಿ 2025ರ ಮೇ 1ರಂದು ಒಂದೇ ಆದವು. ಪ್ರತಿ ಸಲವೂ ಹೊಸ ಪಾಸ್‌ಬುಕ್, ಹೊಸ ಐಎಫ್ಎಸ್‌ಸಿ, ಹೊಸ ಆ್ಯಪ್. ಕಳ್ಳನ ಕಥೆಗೆ ಬೇಕಾದ ಪೀಠಿಕೆಯನ್ನು ನೀವೇ ಬರೆದುಕೊಟ್ಟಿರಿ.

ಮನಸ್ಸು ಮಾಡಿದರೆ ಬಾಗಿಲು ಹಾಕಲು ನಿಮ್ಮ ಲೋಕಕ್ಕೆ ಬರುತ್ತದೆ. ಹಳೇ ಬೈಕು ಮಾರಲು ಹಾಕಿದವನಿಗೆ ಸೈನಿಕನ ಫೋಟೊ ಇಟ್ಟುಕೊಂಡವನೊಬ್ಬ ಫೋನ್ ಮಾಡಿ, ಯುಪಿಐನಲ್ಲಿ ಹಣ ಕೇಳುವ ಕೋರಿಕೆ ಕಳಿಸಿ, ಪಿನ್ ಒತ್ತಿ ದುಡ್ಡು ಬರುತ್ತೆ ಅನ್ನುತ್ತಿದ್ದ. ಒತ್ತಿದರೆ ದುಡ್ಡು ಹೋಗುತ್ತಿತ್ತು. ಯುಪಿಐ 2016ರಲ್ಲಿ ಬಂತು. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ ಎಂದು ವರ್ಷಗಟ್ಟಲೆ ಬೋಧನೆ ನಡೆಯಿತು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನೇ ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಂದು ಸುತ್ತೋಲೆ ಸಾಕಾಯಿತು. ಹಾಗಿದ್ದರೆ ಇಷ್ಟು ವರ್ಷ ಬೈಸಿಕೊಂಡವನು ಬೈಕು ಮಾರುವವನೇ ಏಕೆ?

ಪ್ರಿಯ ಗ್ರಾಹಕ ಈಗ ವ್ಯಂಗ್ಯ ಬಿಟ್ಟು ನೇರವಾಗಿ ಕೇಳುತ್ತಾನೆ, ಏಕೆಂದರೆ ಅವನಿಗೆ ಸಾಕಾಗಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಮೊತ್ತವನ್ನು ಖಾತೆಗೆ ಹಾಕಬೇಕು. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಗ್ರಾಹಕನ ಅಜಾಗರೂಕತೆಯಾದರೆ ಮಾತ್ರ, ತಿಳಿಸುವತನಕದ ನಷ್ಟ ಅವನ ತಲೆಗೆ. ‘ಒಟಿಪಿ ನೀವೇ ಹೇಳಿರ್ತೀರಿ’ ಎಂಬ ಮಾತು ನಿಮ್ಮ ಕೌಂಟರುಗಳಲ್ಲಿ ಇಷ್ಟು ಸಲೀಸಾಗಿ ಏಕೆ ಉದುರುತ್ತದೆ ಎಂಬುದು ಈ ಸಾಲಿನಿಂದ ಗೊತ್ತಾಗುತ್ತದೆ. ಒಂದು ಮಾತಿಗೆ ಹತ್ತು ಸಾವಿರ ಉಳಿತಾಯ.

ಅವನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾನೆ, ದೂರಿನ ಸಂಖ್ಯೆ ಸಿಕ್ಕಿದೆ. ಸೈಬರ್ ಅಪರಾಧ ನೋಡಿಕೊಳ್ಳುವ ಚಿಕ್ಕಮಗಳೂರಿನ ಸೆನ್ ಠಾಣೆಗೂ ಹೋಗುತ್ತಾನೆ. ನಿಮ್ಮಿಂದ ಅವನಿಗೆ ಬೇಕಾಗಿರುವುದು ಒಂದೇ ಕಾಗದ. ಒಟಿಪಿಯನ್ನು ಇಂಥ ದಿನ, ಇಷ್ಟು ಹೊತ್ತಿಗೆ, ಇಂಥವರಿಗೆ ಈ ಗ್ರಾಹಕ ಹೇಳಿದ್ದಾನೆ ಎಂದು ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ. ಮ್ಯಾನೇಜರ ಸಹಿ ಇರಲಿ, ಮೊಹರು ಇರಲಿ.

ಹೆಬ್ಬೆಟ್ಟು ಮಾತ್ರ ಒತ್ತಬೇಡಿ.

ಇತಿ,
ಪ್ರಿಯ ಗ್ರಾಹಕ