ಕಾಸು ಖರ್ಚಿಲ್ಲದ ಕರಕುಶಲಮ್ಮ

ಮಂಡ್ಯದಲ್ಲಾಗಲಿ, ಮದ್ದೂರಿನಲ್ಲಾಗಲಿ, ಮಳವಳ್ಳಿಯಲ್ಲಾಗಲಿ, ಬೀದಿಗೊಬ್ಬರಾದರೂ ಕರಕುಶಲಮ್ಮ ಇದ್ದೇ ಇರುತ್ತಾರೆ. ಮನೆ ನಂಬರು ಕೇಳುವ ಅಗತ್ಯವಿಲ್ಲ. ಬಾಗಿಲಿಗೆ ಮಣಿಯ ತೋರಣ, ಮೆಟ್ಟಿಲ ಪಕ್ಕ ಬಣ್ಣ ಬಳಿದ ಟೈರಿನಲ್ಲೊಂದು ದಾಸವಾಳ, ಹೊಸಿಲಾಚೆ ಹಳೇ ಸೀರೆ ಹೆಣೆದ ಕಾಲೊರಸು. ಆ ಕಾಲೊರಸಿನ ಮೇಲೆ ಯಾರಾದರೂ ನಿಜವಾಗಿ ಕಾಲೊರೆಸಿದರೆ ಮನೆಯೊಡತಿಯ ಮುಖ ಸಣ್ಣಗಾಗುತ್ತದೆ. ಒಳಗೆ ಟೀವಿಗೆ ಕ್ರೋಶಾ ಮುಸುಕು, ಮಿಕ್ಸಿಗೆ ಲಂಗ, ಗ್ಯಾಸ್ ಸಿಲಿಂಡರಿಗೆ ಅಂಚಿರುವ ರವಿಕೆ. ಬಾಟಲಿಗಳು ಹೂದಾನಿಗಳಾಗಿವೆ, ಸೀಡಿಗಳು ನವಿಲುಗಳಾಗಿವೆ, ಐಸ್‌ಕ್ರೀಂ ಕಡ್ಡಿಗಳು ಗುಡಿಸಲಾಗಿವೆ. ಇಷ್ಟಕ್ಕೂ ಅವರು ಕೊಡುವ ಸಮಜಾಯಿಷಿ ಒಂದೇ: "ಏನೂ ಖರ್ಚಿಲ್ಲ ಕಣವ್ವ, ಎಲ್ಲಾ ಬಿಸಾಕೋ ಸಾಮಾನ್ನಾಗೇ ಮಾಡಿದ್ದು." ಮೂರು ತಾಲ್ಲೂಕುಗಳ ಜನ ಈ ಮಾತನ್ನು ತಲೆಯಾಡಿಸಿಕೊಂಡು ಕೇಳಿದ್ದಾರೆಯೇ ಹೊರತು ಯಾರೂ ತನಿಖೆ ಮಾಡಿದವರಲ್ಲ. ಮಾಡಿದರೆ ಗೊತ್ತಾಗುತ್ತದೆ, ಖರ್ಚು ಇದ್ದೇ ಇದೆ. ಅದನ್ನು ತೆರುವವರು ಬೇರೆಯವರು, ತೆರುವ ನಾಣ್ಯವೂ ಬೇರೆ.

ಮೊದಲು ಬಿಸಾಕುವ ಸಾಮಾನಿನ ವಿಚಾರ. ಈ ಸೀಮೆಯಲ್ಲಿ ಬಿಸಾಕುವುದಕ್ಕೆ ಹಿಂದೆ ಹೆಚ್ಚೇನೂ ಇರಲಿಲ್ಲ. ಕನ್ನಂಬಾಡಿಯ ನೀರು ನಾಲೆಗೆ ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿ, ಊರೂರಿಗೆ ಕಬ್ಬು ಹಬ್ಬಿದ ಮೇಲೂ ಕಬ್ಬಿನ ಯಾವ ಅಂಗವೂ ಅನಾಥವಾಗಲಿಲ್ಲ: ಸೋಗೆ ದನಕ್ಕೆ, ಸಿಪ್ಪೆ ಆಲೆಮನೆಯ ಒಲೆಗೆ, ಬೂದಿ ಗದ್ದೆಗೆ. ಮಳವಳ್ಳಿ ಕಡೆಯ ರೇಷ್ಮೆಹುಳದ ಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿ ಒಲೆಗೆ ಹೋಯಿತು, ಹಿಕ್ಕೆ ತಿಪ್ಪೆಗೆ ಹೋಯಿತು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಲ್ಲಿ ಎಳೆ ತುಂಡಾಗಿರುವುದರಿಂದ ನೂಲು ಬಿಚ್ಚಲು ಬರುವುದಿಲ್ಲ. ಅದಕ್ಕೂ ಚನ್ನಪಟ್ಟಣದ ಸ್ಪನ್ ಸಿಲ್ಕ್ ಗಿರಣಿಯಂಥ ಗಿರಾಕಿ ಇತ್ತು. ಹಳೇ ಸೀರೆ ಮೊದಲು ಕೂಸಿನ ಜೋಲಿ, ಆಮೇಲೆ ದುಪ್ಪಟಿಯ ಒಳಪದರ, ಕೊನೆಗೆ ಬಿಂದಿಗೆಯಡಿಯ ಸಿಂಬಿ. ಇವೂ ಕೈಕಸುಬೇ, ಇವಕ್ಕೂ ಕಾಸು ಖರ್ಚಿರಲಿಲ್ಲ. ಆದರೆ ಸಿಂಬಿ ಸುತ್ತಿದ ಅಜ್ಜಿ ಅದನ್ನು ಶೋಕೇಸಿನಲ್ಲಿಟ್ಟು ಬಂದವರಿಗೆ ತೋರಿಸಲಿಲ್ಲ, ತಲೆಯ ಮೇಲಿಟ್ಟು ನೀರು ತಂದಳು. ಕರಕುಶಲಮ್ಮನಿಗೆ ಬೇಕಾದ ಕಸ ಬಂದದ್ದು ಪ್ಲಾಸ್ಟಿಕ್ ಬಾಟಲಿ, ಥರ್ಮೊಕೋಲು, ಆನ್‌ಲೈನ್ ಡಬ್ಬ, ಗಾರ್ಮೆಂಟ್ಸಿನ ಕಟ್‌ಪೀಸು ಇವೆಲ್ಲ ಬಂದ ಮೇಲೆ. ಆ ಕಸವನ್ನಾದರೂ ಕಡಿಮೆ ಮಾಡುತ್ತಾರಲ್ಲ ಎಂದು ಪರಿಸರದ ಹೆಸರಿನಲ್ಲಿ ವಾದಿಸಬಹುದು. ವಾದ ನಿಲ್ಲುವುದಿಲ್ಲ. ಖಾಲಿ ಬಾಟಲಿಯನ್ನು ಗುಜರಿಯವನು ಕೊಳ್ಳುತ್ತಾನೆ. ಬಣ್ಣ ಬಳಿದು, ದಾರ ಸುತ್ತಿ, ಕನ್ನಡಿ ಚೂರು ಅಂಟಿಸಿದ ಬಾಟಲಿಯನ್ನು ಅವನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ.

ಇನ್ನು ಕಾಸಿನ ಲೆಕ್ಕ. ಈ ಭಾಗದ ಕರಕುಶಲಮ್ಮಂದಿರ ಹೆಮ್ಮೆಯ ಕೃತಿಯೆಂದರೆ ರೇಷ್ಮೆಗೂಡಿನ ಹೂವು. ರೇಷ್ಮೆಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯ ತೂತುಗೂಡು ಪರಿಚಯದವರ ಮೂಲಕ ಚೀಲದಲ್ಲಿ ಬಂದಿಳಿಯುತ್ತದೆ. ಗೂಡನ್ನು ಕತ್ತರಿಯಲ್ಲಿ ಎಸಳೆಸಳಾಗಿ ಸೀಳಿ, ಬಣ್ಣದ ನೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ತಂತಿಗೆ ಕಟ್ಟಿ, ಹಸಿರು ಟೇಪು ಸುತ್ತಿದರೆ ಹೂವು. ಚೆನ್ನಾಗಿಯೇ ಇರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಗೂಡು ಅಗ್ಗ ನಿಜ. ಆದರೆ ಬಣ್ಣ, ತಂತಿ, ಟೇಪು, ಕೇಸರ, ಗ್ಲೂಗನ್ನು, ಅದರ ಕಡ್ಡಿ, ಕೊನೆಗೆ ಹೂವು ನಿಲ್ಲಿಸಲು ಅಂಗಡಿಯಿಂದಲೇ ತಂದ ಕುಂಡ ಸೇರಿದರೆ ಹೂದಾನಿ ಕೊಂಡು ತರುವುದೇ ವಾಸಿ ಅನ್ನಿಸುತ್ತದೆ. ಮನೆಯ ಯಜಮಾನರು ಇದನ್ನು ಬಲ್ಲರು. ಬಲ್ಲರಾದ್ದರಿಂದಲೇ ಬಾಯಿ ಬಿಡದೆ, ಕಡಿಮೆ ಖರ್ಚಿನ ಕಲೆಗೆ ಹೆಚ್ಚಿನ ಸಾಮಾನು ತರಲು ಪೇಟೆಗೆ ಹೋಗಿ ಬರುತ್ತಾರೆ.

ಹಾಗಿದ್ದರೆ ಮಾರಬಾರದೆ? ಸ್ತ್ರೀಶಕ್ತಿ ಸಂಘಗಳು 2000-01ರಿಂದ ಊರೂರಲ್ಲಿ ಹುಟ್ಟಿಕೊಂಡ ಮೇಲೆ ಈ ಸಲಹೆ ಕೊಡದ ಅತಿಥಿ ಭಾಷಣಕಾರರಿಲ್ಲ. ಕೆಲವು ಕೈಕೆಲಸಕ್ಕೆ ಸಂಪಾದನೆ ಉಂಟು. ಸೀರೆ ಕುಚ್ಚು ಕಟ್ಟುವವರಿಗೆ ಮದುವೆ ತಿಂಗಳಲ್ಲಿ ಬಿಡುವಿರುವುದಿಲ್ಲ, ಏಕೆಂದರೆ ಕುಚ್ಚು ಕಟ್ಟುವುದಕ್ಕೆ ಕೈ ಪಳಗಿರಬೇಕು, ಮದುವೆ ದಿನ ಮುಂದಕ್ಕೆ ಹೋಗುವುದಿಲ್ಲ. ಬಾಟಲಿಯ ಹೂದಾನಿಗೆ ಈ ಎರಡೂ ಬಲವಿಲ್ಲ. ಸುಲಭ, ಅಗ್ಗ ಎಂಬ ಗುಣಗಳೇ ಅದರ ವ್ಯಾಪಾರವನ್ನು ಕೆಡಿಸುತ್ತವೆ. ಯಾರು ಬೇಕಾದರೂ ಮಾಡಬಹುದಾದ್ದನ್ನು ಯಾರೂ ಕೊಳ್ಳುವುದಿಲ್ಲ. ಸಂಘದ ಮಳಿಗೆಯಲ್ಲಿ ಅದನ್ನು ಎತ್ತಿ ನೋಡಿದ ಹೆಂಗಸು ಬೆಲೆ ಕೇಳುವುದಿಲ್ಲ, ಮಾಡುವ ವಿಧಾನ ಕೇಳಿಕೊಂಡು ಹೋಗುತ್ತಾಳೆ.

ಮಾರಲಾಗದ್ದು ಹೋಗುವುದು ಉಡುಗೊರೆಗೆ. ಗೃಹಪ್ರವೇಶ, ನಾಮಕರಣ, ನಿವೃತ್ತಿ, ಯಾವುದಾದರೂ ಸರಿ. ಕೊಟ್ಟಲ್ಲಿಗೆ ಕಥೆ ಮುಗಿದಿದ್ದರೆ ಕರಕುಶಲಮ್ಮನ ಮೇಲೆ ಯಾರಿಗೂ ದೂರಿರುತ್ತಿರಲಿಲ್ಲ. ಆಮೇಲೆ ತಪಾಸಣೆ ಉಂಟು. ಅವರು ಬರುವುದು ಹೇಳದೆ, ಬರುವ ನೆಪ ಒಂದು ಚಮಚ ಹೆಪ್ಪು. ಗೇಟಿನ ಚಿಲಕ ಸದ್ದಾಗಿ ಅವರು ಚಪ್ಪಲಿ ಬಿಡುವಷ್ಟರೊಳಗೆ ಮನೆಯವರು ಅಟ್ಟಕ್ಕೆ ಏಣಿ ಹಾಕಿ, ಹೂದಾನಿ ಇಳಿಸಿ, ದೂಳು ಊದಿ, ಟೀವಿ ಪಕ್ಕ ನಿಲ್ಲಿಸಿ, ಏನೂ ಆಗಿಲ್ಲದವರ ಹಾಗೆ ಸೋಫಾದಲ್ಲಿ ಕೂತಿರಬೇಕು. ಒಳಬಂದ ಕರಕುಶಲಮ್ಮ ಯಾರ ಮುಖವನ್ನೂ ನೋಡುವುದಿಲ್ಲ. ಕಣ್ಣು ಗೋಡೆಯನ್ನು ಎಡದಿಂದ ಬಲಕ್ಕೆ ಓದುತ್ತದೆ. "ಅಯ್ಯೋ, ಇನ್ನೂ ಮಡಿಕ್ಕಂಡಿದ್ದೀರಾ? ಬಿಸಾಕೋದಲ್ವಾ!" ಹೌದು ಎನ್ನುವ ಧೈರ್ಯವಿರುವವರು ಮದ್ದೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಬೇಕು. ಕರಕುಶಲಮ್ಮ ಎದ್ದು, ಹೂದಾನಿಯನ್ನು ಎರಡು ಬೆರಳಷ್ಟು ಸರಿಸಿ, ಬಾಗಿದ ಎಸಳನ್ನು ನೆಟ್ಟಗೆ ಮಾಡಿ, ದೂರ ನಿಂತು ನೋಡಿ, ಆಮೇಲೆ ಕಾಫಿ ಮುಟ್ಟುತ್ತಾರೆ. ನಿಜವಾದ ಸಂಕಟ ಬೀದಿಯಲ್ಲಿ ಇಬ್ಬರು ಕರಕುಶಲಮ್ಮಂದಿರಿದ್ದಾಗ. ಗಡಿಬಿಡಿಯಲ್ಲಿ ಒಬ್ಬರ ಎದುರಿಗೆ ಇನ್ನೊಬ್ಬರು ಮಾಡಿಕೊಟ್ಟ ಗಿಳಿ ಅಟ್ಟದಿಂದ ಇಳಿಯಿತೋ, ಆ ಸಂಕ್ರಾಂತಿಗೆ ಎಳ್ಳು ಬೆಲ್ಲ ಬರುವುದಿಲ್ಲ. ಗಿಳಿಯ ಕೊಕ್ಕು ಕಳಚಿರುವುದು ಕಣ್ಣಿಗೆ ಬಿದ್ದರಂತೂ ಅನರ್ಥವೇ: ರಿಪೇರಿಗೆಂದು ಒಯ್ದವರು ಮರಳುವಾಗ ಅದಕ್ಕೊಂದು ಜೋಡಿಯನ್ನೂ ತರುತ್ತಾರೆ.

ಇದನ್ನು ಜಂಬ ಎಂದು ತಳ್ಳಿಹಾಕುವುದು ಸುಲಭ, ಹೊತ್ತು ಕಳೆಯುವ ಚಟ ಎನ್ನುವುದು ಇನ್ನೂ ಸುಲಭ. ಎರಡೂ ವಿವರಣೆಗಳು ಸಾಲವು. ಜಂಬಕ್ಕಾದರೆ ಒಡವೆ ಇದೆ, ಹೊತ್ತು ಕಳೆಯಲು ಧಾರಾವಾಹಿ ಇದೆ. ಕಾರಣ ಇರುವುದು ದುಡಿಮೆಯ ಸ್ವರೂಪದಲ್ಲಿ. ಬೆಳಗಾದರೆ ಮದ್ದೂರು, ಮಳವಳ್ಳಿಯ ರಸ್ತೆಗಳಲ್ಲಿ ಗಾರ್ಮೆಂಟ್ಸಿನ ವಾಹನಗಳು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಅಲ್ಲಿ ಒಬ್ಬಳು ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ, ಪಕ್ಕದವಳು ಜೇಬನ್ನೇ ಹೊಲಿಯುತ್ತಾಳೆ. ಇಡೀ ಅಂಗಿ ಹೊಲಿದೆ ಎನ್ನುವವರು ಆ ಸಾಲಿನಲ್ಲಿ ಯಾರೂ ಇಲ್ಲ. ಅದೇ ಕೈ ಭಾನುವಾರ ಕಟ್‌ಪೀಸಿನಲ್ಲಿ ಕಾಲೊರಸು ಹೆಣೆಯುತ್ತದೆ, ಮೊದಲ ಗಂಟಿನಿಂದ ಕೊನೆಯ ಗಂಟಿನವರೆಗೆ. ಮನೆಯಲ್ಲೇ ಇರುವವರ ಪಾಡೂ ಬೇರೆಯಲ್ಲ. ಮುದ್ದೆ, ಬಸ್ಸಾರು ಮಧ್ಯಾಹ್ನಕ್ಕೆ ಮುಗಿಯುತ್ತದೆ, ತೊಳೆದ ಪಾತ್ರೆ ರಾತ್ರಿಗೆ ಮತ್ತೆ ಎಂಜಲಾಗುತ್ತದೆ, ಗುಡಿಸಿದ ಅಂಗಳಕ್ಕೆ ಬೆಳಿಗ್ಗೆ ಮತ್ತೆ ಎಲೆ ಬೀಳುತ್ತದೆ. ಮೂವತ್ತು ವರ್ಷ ದುಡಿದರೂ ಇಗೋ ನಾನು ಮಾಡಿದ್ದು ಎಂದು ಬೆರಳು ಮಾಡಿ ತೋರಿಸುವುದಕ್ಕೆ ಏನೂ ಉಳಿಯದ ದುಡಿಮೆ ಅದು. ಹೂದಾನಿ ಉಳಿಯುತ್ತದೆ. ಅಂದವಾಗಿಲ್ಲ, ನೀರು ಹಾಕಿದರೆ ಸೋರುತ್ತದೆ, ಆದರೂ ಉಳಿಯುತ್ತದೆ. ಖರ್ಚಿಲ್ಲ ಎಂಬ ಮಾತು ಹಾಗಾಗಿ ಒಂದು ಪರವಾನಗಿ; ಅದಿಲ್ಲದಿದ್ದರೆ ತನಗಾಗಿ ಅರ್ಧ ದಿನ ಕೂತೆ ಎಂದು ಈ ಸೀಮೆಯ ಗೃಹಿಣಿ ಯಾರ ಮುಂದೂ ಹೇಳಲಾರಳು. ಹೆಪ್ಪಿನ ನೆಪದಲ್ಲಿ ನಡೆಯುವುದು ತಪಾಸಣೆಯಲ್ಲ, ಕೂಲಿ ವಸೂಲಿ.

ಕೂಲಿ ನ್ಯಾಯವಾದದ್ದೆಂದ ಮೇಲೆ ಕೊಡುವುದೇ ಸರಿ, ಮತ್ತು ಅದು ದುಬಾರಿಯೂ ಅಲ್ಲ: ಗೋಡೆಗೆ ಒಂದು ಮೊಳೆ, ಬಾಯಲ್ಲಿ ಒಂದು ಒಳ್ಳೆಯ ಮಾತು. ಹೀಗೆ ಉದಾರವಾದರೆ ಮನೆ ತುಂಬಿಹೋಗುತ್ತದೆ ಎಂಬ ಆಕ್ಷೇಪವೂ ನ್ಯಾಯವೇ. ಅದಕ್ಕೆ ಉಪಾಯ, ಎರಡನೆಯ ಉಡುಗೊರೆ ಬಂದಾಗ ಹೊಗಳುವುದನ್ನು ಬಿಟ್ಟು, ನಮಗೂ ಕಲಿಸಿಕೊಡಿ ಎಂದು ಕೇಳುವುದು. ಕರಕುಶಲಮ್ಮನಿಗೆ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಕೊಡುವುದನ್ನು ನಿಲ್ಲಿಸಿ ಕಲಿಸುವುದಕ್ಕೆ ಕೂರುತ್ತಾರೆ. ಇದರಲ್ಲಿರುವ ಅಪಾಯ ಒಂದೇ. ಕಲಿತವರ ಮನೆಯ ಗೋಡೆ ಮೊದಲೇ ತುಂಬಿರುವುದರಿಂದ, ಅವರೂ ಬೇಗನೆ ಯಾರ ಮನೆಯ ಗೃಹಪ್ರವೇಶ ಯಾವಾಗ ಎಂದು ವಿಚಾರಿಸತೊಡಗುತ್ತಾರೆ.